ಅಣ್ಣನ ಸ್ಟೇಟಸ್ ನೋಡಿ ತಂಗಿ ಸುಮ್ಮನಾದಳು

(ಆಪ್ತಸಲಹೆ ಪ್ರಕರಣ. ಗುರುತು ಸಿಗಬಹುದಾದ ವಿವರಗಳನ್ನೆಲ್ಲ ಬದಲಿಸಿದ್ದೇನೆ. ತಾಯಿ, ಮಗ, ಮಗಳು ಮೂವರೂ ಓದಿ ಒಪ್ಪಿದ ಮೇಲೆ ಪ್ರಕಟಣೆಗೆ ಕೊಟ್ಟಿದ್ದೇನೆ.)

ಕಾಸರಗೋಡು ಜಿಲ್ಲೆಯ ಉತ್ತರದ ಒಳನಾಡಿನಲ್ಲಿ ಅಡಿಕೆ ತೋಟದ ನಡುವಿನ ಮನೆ. ತಂದೆ ತೀರಿಕೊಂಡು ಕೆಲವು ವರ್ಷಗಳಾಗಿವೆ. ತಾಯಿ ಮತ್ತು ಮೂವತ್ತನಾಲ್ಕು ವರ್ಷದ ಮಗ ಇಬ್ಬರೇ ಇರುವುದು. ಮಗಳನ್ನು ಗಡಿಯಾಚೆ ದಕ್ಷಿಣ ಕನ್ನಡಕ್ಕೆ ಮದುವೆ ಮಾಡಿ ಕೊಟ್ಟಿದ್ದಾರೆ. ತಾಯಿ ನನ್ನ ಬಳಿಗೆ ಬಂದದ್ದು, “ಮಗ ಕೈಗೆ ಬಂದ ಸಂಬಂಧವನ್ನು ಹಾಳು ಮಾಡಿಕೊಂಡ, ಸ್ವಲ್ಪ ಬುದ್ಧಿ ಹೇಳಿ” ಎಂದು.

ಆದದ್ದು ಇಷ್ಟು. ವರ್ಷಗಟ್ಟಲೆ ಹುಡುಕಿದ ಮೇಲೆ ಒಂದು ಸಂಬಂಧ ಕೂಡಿ ಬಂದಿತ್ತು. ಹುಡುಗಿ ಬಿ.ಕಾಂ. ಓದಿ ಸಹಕಾರಿ ಸಂಘವೊಂದರಲ್ಲಿ ಕೆಲಸದಲ್ಲಿದ್ದಳು. ಜಾತಕ ಕೂಡಿತು, ಹುಡುಗಿಯೂ ಒಪ್ಪಿದಳು. ಮಾತುಕತೆಗೆ ಹಿರಿಯರು ಕುಳಿತಿದ್ದಾಗ ಈತ ಅಂಗಿಯ ಕಿಸೆಯಿಂದ ಮಡಿಸಿದ ಛಾಪಾ ಕಾಗದ ಹೊರಗೆ ತೆಗೆದ. “ಮುಂದೆ ಬೇರೆಯಾದರೆ ಜೀವನಾಂಶ ಕೇಳುವುದಿಲ್ಲ, ನನ್ನ ಮೇಲಾಗಲಿ ಅಮ್ಮನ ಮೇಲಾಗಲಿ ಕೇಸು ಹಾಕುವುದಿಲ್ಲ ಎಂದು ಸಹಿ ಮಾಡಬೇಕು” ಎಂದ. ಹುಡುಗಿಯ ಸೋದರಮಾವ ಲೋಟದಲ್ಲಿದ್ದ ಕಾಫಿಯನ್ನು ಹಾಗೆಯೇ ಬಿಟ್ಟು ಎದ್ದರು. ಅಲ್ಲಿಗೆ ಮುಗಿಯಿತು.

ಈತ ಬಂದದ್ದು ಅಡಿಕೆಗೆ ಮದ್ದು ಬಿಡುವ ಕಾಲದಲ್ಲಿ. ಬೋರ್ಡೋ ದ್ರಾವಣದ ಮೈಲುತುತ್ತಿನ ನೀಲಿ ಉಗುರಿನ ಸಂದಿಗಳಲ್ಲಿ ಉಳಿದಿತ್ತು. ಕುರ್ಚಿಯ ತುದಿಯಲ್ಲಿ ಕುಳಿತು ಮೊದಲು ಹೇಳಿದ ಮಾತು: “ನಾನು ಹೆಣ್ಣುಮಕ್ಕಳ ವಿರೋಧಿಯಲ್ಲ ಮೇಡಂ. ಫೆಮಿನಿಸಂನ ವಿರೋಧಿ.” ಆಮೇಲೆ ತಡೆಯಿಲ್ಲದೆ ಮಾತನಾಡಿದ. ಕಾನೂನೆಲ್ಲ ಹೆಂಗಸರ ಪರ. ಒಂದು ಕೇಸು ಹಾಕಿದರೆ ಗಂಡನ ಮನೆಯವರೆಲ್ಲ ಅದೇ ರಾತ್ರಿ ಜೈಲಿಗೆ. ವಿಚ್ಛೇದನವಾದರೆ ಅರ್ಧ ಆಸ್ತಿ ಅವಳಿಗೆ. ನೂರರಲ್ಲಿ ಎಂಬತ್ತು ಹುಡುಗಿಯರಿಗೆ ಮೇಲಿನ ಇಪ್ಪತ್ತು ಗಂಡಸರೇ ಬೇಕು, ಉಳಿದವರು ಎಟಿಎಂ ಯಂತ್ರಗಳು. ಗಂಡಸರ ಆತ್ಮಹತ್ಯೆ ಹೆಂಗಸರದ್ದಕ್ಕಿಂತ ಎರಡು ಪಟ್ಟು, ಯಾರಾದರೂ ಕೇಳಿದ್ದಾರೆಯೇ?

ನಾನು ವಾದಕ್ಕೆ ಇಳಿಯಲಿಲ್ಲ. ಈತ ನೋಡಿದ ವಿಡಿಯೊಗಳಲ್ಲಿ ‘ಸ್ತ್ರೀವಾದಿ’ ಎಂಬ ಪಾತ್ರವೊಂದು ಸಿದ್ಧವಾಗಿದೆ. ನಾನು ವಾದಿಸಿದ ತಕ್ಷಣ ಆ ಪಾತ್ರ ನನ್ನ ಪಾಲಿಗೆ ಬರುತ್ತದೆ. ಅಲ್ಲಿಂದ ಮುಂದೆ ನಾನು ಹೇಳುವುದೆಲ್ಲ ಆತನಿಗೆ ಮೊದಲೇ ಗೊತ್ತಿರುವ ಸಂಭಾಷಣೆ. ಹಾಗಾಗಿ ನಿದ್ರೆಯ ಬಗ್ಗೆ ಕೇಳಿದೆ, ಊಟದ ಬಗ್ಗೆ ಕೇಳಿದೆ, ಗೆಳೆಯರು ಯಾರಿದ್ದಾರೆ ಎಂದು ಕೇಳಿದೆ. ಗೆಳೆಯರಲ್ಲಿ ಒಬ್ಬರು ಬೆಂಗಳೂರಿನಲ್ಲಿ, ಇನ್ನೊಬ್ಬರು ದುಬೈಯಲ್ಲಿ. ಊರಿನಲ್ಲಿ ಉಳಿದವರಿಗೆಲ್ಲ ಮಕ್ಕಳಾಗಿವೆ. ಆತ್ಮಹತ್ಯೆಯ ಯೋಚನೆ ಬಂದಿದೆಯೇ ಎಂದು ನೇರವಾಗಿಯೇ ಕೇಳಿದೆ. ಇದನ್ನು ಸುತ್ತಿ ಬಳಸಿ ಕೇಳಬಾರದು. ಕೇಳಿದ ಮಾತ್ರಕ್ಕೆ ಆ ಯೋಚನೆ ಹುಟ್ಟುವುದಿಲ್ಲ. “ಕೆಲವು ರಾತ್ರಿ” ಎಂದ. ಗಂಡಸರ ಆತ್ಮಹತ್ಯೆಯ ಅಂಕಿಅಂಶವನ್ನು ಅಷ್ಟು ಜೋರಾಗಿ ಹೇಳಿದ್ದರ ಹಿಂದೆ ಇದಿತ್ತು. ಮನೋವೈದ್ಯರನ್ನು ಕಾಣುವ ವ್ಯವಸ್ಥೆ ಮಾಡಿದೆ. ರಾತ್ರಿ ಯಾರೂ ಸಿಗದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು ಎಂದು ಸಂಖ್ಯೆಯನ್ನು ಆತನ ಮೊಬೈಲಿನಲ್ಲೇ ಉಳಿಸಿ ಕೊಟ್ಟೆ.

ಮುಂದಿನ ಸಲ ಒಂದು ಕೆಲಸ ಮಾಡಿದೆವು. ಯೂಟ್ಯೂಬಿನಲ್ಲಿ ನಾವು ನೋಡಿದ ವಿಡಿಯೊಗಳ ಪಟ್ಟಿ ದಿನಾಂಕ ಸಹಿತ ಉಳಿದಿರುತ್ತದೆ. ಆತನ ಒಪ್ಪಿಗೆ ಕೇಳಿ, ಇಬ್ಬರೂ ಪಕ್ಕದಲ್ಲಿ ಕುಳಿತು ಆ ಪಟ್ಟಿಯನ್ನು ಹಿಂದಕ್ಕೆ ಸರಿಸುತ್ತ ಹೋದೆವು. ಮೇಲ್ಗಡೆ ಸುಳ್ಳು ಕೇಸು, ಜೀವನಾಂಶ, ಗಂಡನನ್ನು ಕೊಂದ ಹೆಂಡತಿಯರು. ಕೆಲವು ಕನ್ನಡದವು, ಕೆಲವು ಮಲಯಾಳದವು, ಬಹಳಷ್ಟು ಹಿಂದಿಯಿಂದ ಯಂತ್ರದ ದನಿಯಲ್ಲಿ ಕನ್ನಡಕ್ಕೆ ತಂದವು. ಗಡಿನಾಡಿನವನಿಗೆ ಎಲ್ಲವೂ ಅರ್ಥವಾಗುತ್ತವೆ, ಹಾಗಾಗಿ ಎಲ್ಲ ಕಡೆಯಿಂದಲೂ ಬರುತ್ತವೆ. ಇನ್ನೂ ಕೆಳಗೆ ಹೋದರೆ ‘ನಿಜವಾದ ಗಂಡಸು ಹೇಗಿರಬೇಕು’ ಎಂಬ ಉಪದೇಶಗಳು: ಬೆಳಿಗ್ಗೆ ನಾಲ್ಕಕ್ಕೆ ಏಳು, ಭಾವನೆ ತೋರಿಸಬೇಡ, ಯಾರನ್ನೂ ನಂಬಬೇಡ. ಅದಕ್ಕೂ ಹಿಂದೆ ‘ಹಳ್ಳಿ ಹುಡುಗನಿಗೆ ಹೆಣ್ಣು ಸಿಗುವುದಿಲ್ಲ’ ಎಂಬ ಹಾಸ್ಯದ ತುಣುಕುಗಳು. ಎಲ್ಲಕ್ಕಿಂತ ತಳದಲ್ಲಿ ಬೋರ್ಡೋ ದ್ರಾವಣ ಮಾಡುವ ವಿಧಾನ, ಅಡಿಕೆ ಕೊಯ್ಯುವ ಕಾರ್ಬನ್ ಫೈಬರ್ ದೋಟಿಯ ಬೆಲೆ, ಹಳದಿ ಎಲೆ ರೋಗದ ಪರಿಹಾರ.

ಈತ ಬಹಳ ಹೊತ್ತು ಆ ಪಟ್ಟಿಯನ್ನೇ ನೋಡಿದ. ಸ್ತ್ರೀವಾದ ಸರಿಯೋ ತಪ್ಪೋ ಎಂದು ಹುಡುಕಿಕೊಂಡು ಆತ ಎಲ್ಲಿಗೂ ಹೋಗಿರಲಿಲ್ಲ. ಅಡಿಕೆ ಸುಲಿಯುವಾಗ ಕಿವಿಗೆ ಏನಾದರೂ ಬೇಕಿತ್ತು, ಅಷ್ಟೇ. ಹೆಣ್ಣು ಸಿಗದವನ ಹಾಸ್ಯವನ್ನು ಕೊನೆಯವರೆಗೆ ನೋಡಿದ, ಏಕೆಂದರೆ ಅದು ತನ್ನದೇ ಕತೆ. ಎಷ್ಟು ಹೊತ್ತು ನೋಡಿದೆವು, ಯಾವುದನ್ನು ಮತ್ತೊಮ್ಮೆ ನೋಡಿದೆವು, ಯಾವುದಕ್ಕೆ ಸಿಟ್ಟಿನಿಂದ ಪ್ರತಿಕ್ರಿಯೆ ಬರೆದೆವು ಎಂಬುದನ್ನು ಆ ವ್ಯವಸ್ಥೆ ಗಮನಿಸುತ್ತದೆ, ಅದಕ್ಕೆ ಹತ್ತಿರದ್ದನ್ನೇ ಮುಂದೆ ತಂದಿಡುತ್ತದೆ. ನೋವು ತರುವ ವಿಡಿಯೊಗಿಂತ ಆ ನೋವಿಗೆ ಒಬ್ಬ ಅಪರಾಧಿಯನ್ನು ತೋರಿಸುವ ವಿಡಿಯೊ ಹೆಚ್ಚು ಹೊತ್ತು ಹಿಡಿದಿಡುತ್ತದೆ. ನೋಡುವವರು ಹೆಚ್ಚಾದಷ್ಟೂ ಮಾಡುವವನಿಗೆ ಹಣ ಹೆಚ್ಚು, ಆದ್ದರಿಂದ ಆತ ಮುಂದಿನದನ್ನು ಇನ್ನಷ್ಟು ಖಾರವಾಗಿ ಮಾಡುತ್ತಾನೆ. ಇದನ್ನು ನಾನು ವಿವರಿಸುವ ಅಗತ್ಯ ಬರಲಿಲ್ಲ. ಈತನೇ ಪಟ್ಟಿಯ ತಳಭಾಗವನ್ನು ತೋರಿಸಿ, “ಇಲ್ಲಿಂದ ಅಲ್ಲಿಗೆ ನನ್ನನ್ನು ಕರೆದುಕೊಂಡು ಹೋದದ್ದು ಯಾರು?” ಎಂದು ಕೇಳಿದ. ಇಡೀ ಪ್ರಕರಣದಲ್ಲಿ ನನಗೆ ಭರವಸೆ ಹುಟ್ಟಿಸಿದ ಮೊದಲ ಪ್ರಶ್ನೆ ಅದು.

ನೋವು ನಿಜವಾದದ್ದು, ಅದನ್ನು ಮೊದಲು ಒಪ್ಪಿಕೊಳ್ಳಬೇಕು. ತೋಟದಲ್ಲಿರುವ ಹುಡುಗರಿಗೆ ಹೆಣ್ಣು ಸಿಗುತ್ತಿಲ್ಲ ಎಂಬುದು ನಮ್ಮ ಕಡೆ ಮನೆಮನೆಯ ಸಂಕಟ. 2023ರ ಫೆಬ್ರವರಿಯಲ್ಲಿ ಮಂಡ್ಯದ ಅವಿವಾಹಿತ ಯುವಕರು ಹೆಣ್ಣು ಸಿಗಲಿ ಎಂದು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದದ್ದು ಸುದ್ದಿಯಾಗಿತ್ತು. ಅದೇ ವರ್ಷದ ಕೊನೆಗೆ ಅದೇ ಜಿಲ್ಲೆಯ ಆಲೆಮನೆಯಲ್ಲಿ ಭ್ರೂಣಲಿಂಗ ಪತ್ತೆಯ ಜಾಲ ಬಯಲಾಯಿತು; ಈ ಎರಡನೆಯ ಸುದ್ದಿಯನ್ನು ಮೊದಲನೆಯದರ ಪಕ್ಕದಲ್ಲಿಟ್ಟು ತೋರಿಸುವ ರೀಲ್ ಈತನ ಪಟ್ಟಿಯಲ್ಲಿ ಒಂದೂ ಇರಲಿಲ್ಲ. ಕಾಸರಗೋಡಿನ ಪರಿಸ್ಥಿತಿ ಬೇರೆ. 2011ರ ಜನಗಣತಿಯಲ್ಲಿ ಇಲ್ಲಿ ಗಂಡಸರಿಗಿಂತ ಹೆಂಗಸರೇ ಹೆಚ್ಚು. ಹೆಣ್ಣುಮಕ್ಕಳು ಇದ್ದಾರೆ, ಓದಿದ್ದಾರೆ, ಮಂಗಳೂರಿಗೋ ಬೆಂಗಳೂರಿಗೋ ಹೋಗಿದ್ದಾರೆ. ಬಸ್ಸು ಇಲ್ಲದ ದಾರಿ, ಬೆಳಿಗ್ಗೆಯಿಂದ ರಾತ್ರಿಯವರೆಗೆ ಅಡುಗೆಮನೆ, ಕೈಯಲ್ಲಿ ತನ್ನದೆನ್ನುವ ಹಣವಿಲ್ಲ — ಇಂಥ ಬದುಕನ್ನು ತಾಯಂದಿರು ಬದುಕಿದ್ದನ್ನು ಕಣ್ಣಾರೆ ನೋಡಿ ಬೇಡವೆನ್ನುತ್ತಿದ್ದಾರೆ. ಎಷ್ಟೋ ಮನೆಗಳಲ್ಲಿ ಹಾಗೆ ಹೇಳಿಕೊಟ್ಟವರೂ ಆ ತಾಯಂದಿರೇ.

ಅಂಕಿಅಂಶ ಮತ್ತು ಕಾನೂನಿನ ಮಾತನ್ನು ಎತ್ತಿಕೊಂಡದ್ದು ಆ ಪಟ್ಟಿಯನ್ನು ನೋಡಿದ ಮೇಲೆ. ಆತ್ಮಹತ್ಯೆಯ ಅಂಕಿಅಂಶ ಸರಿಯಾಗಿಯೇ ಇದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ 2022ರ ವರದಿಯಲ್ಲಿ 1.7 ಲಕ್ಷ ಆತ್ಮಹತ್ಯೆಗಳು, ಅವರಲ್ಲಿ 1.2 ಲಕ್ಷಕ್ಕೂ ಹೆಚ್ಚು ಗಂಡಸರು. ರೀಲ್ ಇಲ್ಲಿಗೆ ನಿಲ್ಲಿಸಿ ಹೆಂಡತಿಯ ಚಿತ್ರ ತೋರಿಸುತ್ತದೆ. ಅದೇ ವರದಿಯ ಮುಂದಿನ ಪುಟಗಳಲ್ಲಿ, ಸತ್ತವರಲ್ಲಿ ಕಾಲು ಭಾಗಕ್ಕೂ ಹೆಚ್ಚು ಮಂದಿ ದಿನಗೂಲಿಯವರು ಎಂದಿದೆ. ಕಾಯಿಲೆ, ಸಾಲ, ನಿರುದ್ಯೋಗ, ಕುಡಿತ ಎಲ್ಲವೂ ಇವೆ. ‘ಕೌಟುಂಬಿಕ ಸಮಸ್ಯೆ’ ಎಂಬ ಕಾರಣ ಮೂರರಲ್ಲೊಂದು ಪಾಲಿನಷ್ಟಿದೆ, ನಿಜ. ಕುಟುಂಬ ಎಂದರೆ ಅಪ್ಪ, ಅಣ್ಣತಮ್ಮ, ಆಸ್ತಿ ಜಗಳ ಎಲ್ಲ ಸೇರಿದ್ದು. ಅದನ್ನು ‘ಹೆಂಡತಿ’ ಎಂದು ಓದಿಕೊಂಡದ್ದು ವಿಡಿಯೊ ಮಾಡಿದವನು.

ಕೇಸು ಹಾಕಿದ ರಾತ್ರಿಯೇ ಬಂಧನ ಎಂಬ ಮಾತು ಬಹಳ ಹಳೆಯದಾಯಿತು. 2014ರಲ್ಲೇ ಅರ್ನೇಶ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, 498ಎ (ಗಂಡ ಮತ್ತು ಆತನ ಮನೆಯವರ ಕ್ರೌರ್ಯದ ಕಲಂ) ಅಡಿ ದೂರು ಬಂದ ಮಾತ್ರಕ್ಕೆ ಯಾಂತ್ರಿಕವಾಗಿ ಬಂಧಿಸಬಾರದು, ಬಂಧನ ಏಕೆ ಬೇಕು ಎಂದು ಪೊಲೀಸರು ಕಾರಣ ಬರೆಯಬೇಕು ಎಂದು ಹೇಳಿತು. 2024ರ ಜುಲೈ 1ರಿಂದ ಆ ಕಲಂ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ಕ್ಕೆ ಬಂದಿದೆ, ಈ ಎಚ್ಚರಿಕೆಯ ಜೊತೆಯಲ್ಲೇ. ಅರ್ಧ ಆಸ್ತಿಯ ಮಾತಂತೂ ಶುದ್ಧ ಸುಳ್ಳು. ವಿಚ್ಛೇದನವಾದರೆ ಗಂಡನ ಆಸ್ತಿಯಲ್ಲಿ ಅರ್ಧ ಹೆಂಡತಿಗೆ ಎನ್ನುವ ಕಾನೂನು ಕೇರಳದಲ್ಲೂ ಇಲ್ಲ, ಕರ್ನಾಟಕದಲ್ಲೂ ಇಲ್ಲ. ಜೀವನಾಂಶವನ್ನು ಇಬ್ಬರ ಆದಾಯ, ಸ್ಥಿತಿಗತಿ ನೋಡಿ ನ್ಯಾಯಾಲಯ ನಿರ್ಧರಿಸುತ್ತದೆ. ಹಿಂದೂ ವಿವಾಹ ಕಾಯ್ದೆಯ 24 ಮತ್ತು 25ನೇ ಕಲಂಗಳಲ್ಲಿ ಗಂಡನೂ ಹೆಂಡತಿಯಿಂದ ಜೀವನಾಂಶ ಕೇಳಬಹುದು. ಇದನ್ನು ಕೇಳಿ ಈತ “ಹೌದೇ?” ಎಂದು ಎರಡು ಸಲ ಕೇಳಿದ. ಇನ್ನು ಆ ಛಾಪಾ ಕಾಗದ: ಜೀವನಾಂಶದ ಹಕ್ಕನ್ನು ಮೊದಲೇ ಬಿಟ್ಟುಕೊಡುವ ಇಂಥ ಕರಾರುಗಳನ್ನು ನಮ್ಮ ನ್ಯಾಯಾಲಯಗಳು ಸಾರ್ವಜನಿಕ ನೀತಿಗೆ ವಿರುದ್ಧವೆಂದು ತಳ್ಳಿಹಾಕುತ್ತ ಬಂದಿವೆ. ಸಂಬಂಧ ಮುರಿದದ್ದು ಬೆಲೆಯೇ ಇಲ್ಲದ ಕಾಗದಕ್ಕಾಗಿ.

ಸುಳ್ಳು ದೂರುಗಳೇ ಇಲ್ಲ ಎಂದು ನಾನು ಹೇಳಲಿಲ್ಲ. ಇವೆ, ಅವುಗಳಿಂದ ನೊಂದ ಕುಟುಂಬಗಳನ್ನು ನಾನೇ ಕಂಡಿದ್ದೇನೆ. 2024ರ ಡಿಸೆಂಬರಿನಲ್ಲಿ ಬೆಂಗಳೂರಿನ ತಂತ್ರಜ್ಞರೊಬ್ಬರು ದೀರ್ಘ ವಿಡಿಯೊ ಮಾಡಿಟ್ಟು ಪ್ರಾಣ ಕಳೆದುಕೊಂಡಾಗ ಈತ ರಾತ್ರಿಯೆಲ್ಲ ಅತ್ತಿದ್ದನಂತೆ. ಆ ಅಳು ಸಹಜ. ಅದೇ ತಿಂಗಳು ಸುಪ್ರೀಂ ಕೋರ್ಟು ಕೂಡ ತೆಲಂಗಾಣದ ಒಂದು ಪ್ರಕರಣದಲ್ಲಿ ಈ ಕಲಮಿನ ದುರುಪಯೋಗದ ಬಗ್ಗೆ ಎಚ್ಚರಿಸಿತು. ಆದರೆ 2022ರ ಒಂದೇ ವರ್ಷದಲ್ಲಿ ಆರು ಸಾವಿರಕ್ಕೂ ಹೆಚ್ಚು ವರದಕ್ಷಿಣೆ ಸಾವುಗಳು ದಾಖಲಾದ ದೇಶ ಇದು. ಶಿಕ್ಷೆಯಾಗದ ಕೇಸುಗಳೆಲ್ಲ ಸುಳ್ಳು ಕೇಸುಗಳೆಂದು ಎಣಿಸುವುದು ತಪ್ಪು. ರಾಜಿ, ಸಾಕ್ಷಿ ಹೇಳಲು ಹೆದರುವ ನೆರೆಹೊರೆ, ಹತ್ತು ವರ್ಷ ಎಳೆಯುವ ವಿಚಾರಣೆ, ಮಕ್ಕಳ ಮುಖ ನೋಡಿ ದೂರು ಹಿಂದೆಗೆದುಕೊಳ್ಳುವ ಹೆಂಗಸರು ಎಲ್ಲರೂ ಆ ಲೆಕ್ಕದಲ್ಲಿದ್ದಾರೆ.

ಈ ನಡುವೆ ತಾಯಿಯ ಜೊತೆ ಬೇರೆಯಾಗಿ ಮಾತನಾಡಿದ್ದೆ. ಮಗನ ತಲೆ ಕೆಟ್ಟಿದ್ದು ಮೊಬೈಲಿನಿಂದ ಎಂದು ಅವರಿಗೆ ಖಚಿತ. ಅವರ ಕುಟುಂಬದ ವಾಟ್ಸ್‌ಆ್ಯಪ್ ಗುಂಪನ್ನು ತೋರಿಸಿ ಎಂದೆ. 2025ರ ಮಾರ್ಚಿನಲ್ಲಿ ಮೀರತ್‌ನಲ್ಲಿ ಗಂಡನನ್ನು ಕೊಂದು ನೀಲಿ ಡ್ರಮ್ಮಿನಲ್ಲಿ ತುಂಬಿದ ಘಟನೆ ನಡೆದ ಮೇಲೆ ದೇಶದುದ್ದಕ್ಕೂ ನೀಲಿ ಡ್ರಮ್ಮಿನ ಹಾಸ್ಯ ಹರಡಿತಲ್ಲ, ಅದು ಈ ಗುಂಪಿನಲ್ಲೂ ಧಾರಾಳವಾಗಿತ್ತು. ಕಳಿಸಿದವರಲ್ಲಿ ನಿವೃತ್ತ ಅಧ್ಯಾಪಕರೊಬ್ಬರಿದ್ದರು, ಭಜನಾ ಮಂಡಳಿಯ ಹಿರಿಯರಿದ್ದರು, ಹೊಸದಾಗಿ ಮದುವೆಯಾದ ಹುಡುಗಿಯೂ ಇದ್ದಳು. ನಗುವ ಮುಖದ ಚಿಹ್ನೆ ಹಾಕಿ ಮುಂದಕ್ಕೆ ಕಳಿಸಿದವರಲ್ಲಿ ಈ ತಾಯಿಯೂ ಇದ್ದರು. ತಾವು ಸ್ತ್ರೀವಾದವನ್ನು ವಿರೋಧಿಸುತ್ತಿದ್ದೇವೆ ಎಂದು ಇವರಲ್ಲಿ ಒಬ್ಬರೂ ಅಂದುಕೊಂಡಿರಲಿಲ್ಲ. ಮಗ ನಂಬಿದ್ದನ್ನು ಮನೆಯವರು ನಗೆಯಾಗಿ ಹಂಚುತ್ತಿದ್ದರು. ನಂಬಿದವನು ಒಬ್ಬನೇ ಇದ್ದರೆ ಅವನನ್ನು ಯಾರಾದರೂ ಪ್ರಶ್ನಿಸುತ್ತಾರೆ. ಸುತ್ತಲಿನವರು ನಕ್ಕರೆ ಅದೇ ಅವನಿಗೆ ಸಾಕ್ಷಿ.

ಮಗಳ ಮಾತು ಬಂದಾಗ ತಾಯಿ, “ಅವಳು ಇತ್ತೀಚೆಗೆ ಬರುವುದೇ ಕಡಿಮೆ. ಫೋನಿನಲ್ಲಿಯೂ ಹೌದು, ಇಲ್ಲ ಎಂದು ಇಟ್ಟುಬಿಡುತ್ತಾಳೆ” ಎಂದರು. ಅಣ್ಣನ ಮದುವೆಯ ವಿಷಯ ಮಾತನಾಡಲಿಕ್ಕಿದೆ ಎಂಬ ನೆಪದಲ್ಲಿ ಆಕೆಯನ್ನೂ ಕರೆಸಿದೆ. ಒಬ್ಬಳೇ ಬಂದಳು.

ಗಂಡ ಆಕೆಯ ಸಂಬಳದ ಎಟಿಎಂ ಕಾರ್ಡನ್ನು ತನ್ನ ಬಳಿ ಇಟ್ಟುಕೊಂಡಿದ್ದ. ಕರಿಮಣಿ ಬಿಟ್ಟು ಉಳಿದ ಚಿನ್ನವನ್ನು ಅಡವಿಟ್ಟಾಗಿತ್ತು. ಹೊಡೆತ ಶುರುವಾಗಿ ವರ್ಷ ದಾಟಿತ್ತು. ಒಂದು ರಾತ್ರಿ ಬಚ್ಚಲುಮನೆಯಲ್ಲಿ ಬಾಗಿಲು ಹಾಕಿಕೊಂಡು ಅಣ್ಣನಿಗೆ ಉದ್ದದ ಸಂದೇಶ ಬರೆದಳು. ಕಳಿಸುವ ಮೊದಲು ಅವನು ಎಚ್ಚರವಿದ್ದಾನೆಯೇ ಎಂದು ನೋಡಲು ಅವನ ಸ್ಟೇಟಸ್ ತೆರೆದಳು. ನ್ಯಾಯಾಧೀಶರ ಸುತ್ತಿಗೆಯ ಚಿತ್ರ, ಅದರ ಕೆಳಗೆ ಕೆಂಪು ಅಕ್ಷರದಲ್ಲಿ ಬರೆದಿತ್ತು: ‘ತವರಿನ ಕುಮ್ಮಕ್ಕು, ಒಂದು ಸುಳ್ಳು ಕೇಸು, ಒಂದು ಸಂಸಾರ ನಾಶ’. ಆಕೆ ಬರೆದದ್ದನ್ನು ಅಳಿಸಿದಳು. ಆ ಸ್ಟೇಟಸ್ಸಿನ ಚಿತ್ರ ಆಕೆಯ ಮೊಬೈಲಿನಲ್ಲಿ ಇನ್ನೂ ಇತ್ತು, ನನಗೆ ತೋರಿಸಿದಳು. “ಅಣ್ಣ ಕೆಟ್ಟವನಲ್ಲ. ಆದರೆ ನಾನು ಹೇಳಿದರೆ ನಂಬುವುದಿಲ್ಲ ಅಂತ ಗೊತ್ತಾಯಿತು” ಎಂದಳು.

ಈ ಪ್ರಕರಣವನ್ನು ಬರೆಯಲು ಕಾರಣವೇ ಈ ಮಾತು. ಹೆಣ್ಣುಮಕ್ಕಳ ವಿರುದ್ಧದ ಇಂಥ ಸ್ಟೇಟಸ್ ಹಾಕುವವರ ಮನಸ್ಸಿನಲ್ಲಿರುವುದು ಎಲ್ಲೋ ದೂರದ, ಮುಖವಿಲ್ಲದ, ಸಿನಿಮಾದಂಥ ಹೆಂಗಸು. ಓದುವವರು ಮಾತ್ರ ಮೊಬೈಲಿನಲ್ಲಿ ಹೆಸರು ಉಳಿಸಿಕೊಂಡಿರುವ ಸ್ವಂತದವರು: ತಂಗಿ, ಅತ್ತಿಗೆ, ಚಿಕ್ಕಮ್ಮನ ಮಗಳು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ ಹೆಂಗಸರಲ್ಲಿ ನೂರಕ್ಕೆ 77 ಮಂದಿ ಸಹಾಯ ಕೇಳಿಲ್ಲ, ಯಾರಿಗೂ ಹೇಳಿಯೂ ಇಲ್ಲ. ಕೇಸು ಹಾಕುವುದು ಹಾಗಿರಲಿ, ತಾಯಿಗೂ ಹೇಳಿಲ್ಲ. ಹೀಗೆ ಮೊದಲೇ ಮುಚ್ಚಿರುವ ಬಾಯಿಗಳ ಮುಂದೆ ‘ಹೆಂಗಸರು ಹೇಳುವುದೆಲ್ಲ ಸುಳ್ಳು’ ಎಂದು ದಿನವೂ ಬರೆದು ಹಾಕಿದರೆ ಆಗುವುದೇನು? 2021ರ ಜೂನ್‌ನಲ್ಲಿ ಕೊಲ್ಲಂನ ವಿದ್ಯಾರ್ಥಿನಿ ವಿಸ್ಮಯ ವರದಕ್ಷಿಣೆಯ ಹಿಂಸೆಯಿಂದ ಸತ್ತಾಗ ಕೇರಳವೇ ಮರುಗಿತು. ಈ ತಾಯಿಯೂ ಟಿವಿಯ ಮುಂದೆ ಕುಳಿತು ಅತ್ತಿದ್ದರು. ವಿಸ್ಮಯ ಪೆಟ್ಟು ತಿಂದ ತನ್ನ ಮುಖದ, ಕೈಗಳ ಫೋಟೊಗಳನ್ನು ಬಂಧುಗಳಿಗೆ ಕಳಿಸಿದ್ದಳು ಎಂಬುದು ಆಗ ಎಲ್ಲರಿಗೂ ತಿಳಿದಿತ್ತು. ತಮ್ಮ ಮಗಳು ಹಾಗೆ ಕಳಿಸುವ ಧೈರ್ಯವನ್ನೇ ಕಳೆದುಕೊಂಡಿದ್ದಳು ಎಂಬುದು ತಿಳಿದಿರಲಿಲ್ಲ.

ಆಕೆ ಹೇಳಿದ್ದನ್ನು ಅಣ್ಣನಿಗೆ ನಾನು ತಿಳಿಸುವ ಪ್ರಶ್ನೆಯೇ ಇರಲಿಲ್ಲ. ಯಾವಾಗ, ಎಷ್ಟು, ಯಾರ ಎದುರು ಹೇಳಬೇಕು ಎಂಬುದು ಆಕೆಯ ನಿರ್ಧಾರ. ಸ್ವಲ್ಪ ಸಮಯ ಬೇಕು ಎಂದಳು. ಆ ಅವಧಿಯಲ್ಲಿ ಅಣ್ಣನ ಕಿವಿಯನ್ನು ತೆರೆಸುವುದು ನನ್ನ ಕೆಲಸವಾಯಿತು.

ಈತ ಮೊದಲು ಹವ್ಯಾಸಿ ತಾಳಮದ್ದಳೆ ಕಲಾವಿದ; ವೇಷವಿಲ್ಲದೆ ಕುಳಿತು ಪಾತ್ರಗಳ ಮಾತನ್ನು (‘ಅರ್ಥ’) ಆಡುವ ಯಕ್ಷಗಾನ ಅದು. ಮದುವೆಯ ಮಾತಿಗೆ ಜನ ಕೆಣಕುತ್ತಾರೆಂದು ಕೂಟಗಳಿಗೆ ಹೋಗುವುದನ್ನು ಬಿಟ್ಟಿದ್ದ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆಯ ನೆಲ, ತಾಳಮದ್ದಳೆಯ ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ಜಿಲ್ಲೆ ಇದು. ವಾಲಿಯ, ರಾವಣನ, ಮಾಗಧನ ಪಕ್ಷವನ್ನು ಶೇಣಿಯವರು ಎತ್ತಿ ಹಿಡಿದು ಮಾತನಾಡಿದಾಗ ಕೇಳುಗರು ಎದುರಾಳಿಯ ಮನಸ್ಸಿನೊಳಗೇ ಹೋಗಿ ಬರುತ್ತಿದ್ದರು. ಆ ವಿದ್ಯೆ ಈತನಿಗೂ ಸ್ವಲ್ಪ ಒಲಿದಿತ್ತು. “ಆ ದಿನ ಎದುರು ಕುಳಿತಿದ್ದ ಹುಡುಗಿಯ ಪಾತ್ರಕ್ಕೆ ಅರ್ಥ ಹೇಳಿ. ಛಾಪಾ ಕಾಗದ ಹಿಡಿದವನು ನಾನು” ಎಂದೆ.

ನಕ್ಕ. ಆಮೇಲೆ ಬೆನ್ನು ನೆಟ್ಟಗೆ ಮಾಡಿ ಕೂಟದ ದನಿಯಲ್ಲೇ ಶುರು ಮಾಡಿದ: “ಅಯ್ಯಾ ಮಹನೀಯ, ನಿನ್ನ ಮನೆಯ ಹೊಸ್ತಿಲನ್ನು ನಾನಿನ್ನೂ ದಾಟಿಲ್ಲ. ನಾನು ಹೊರಡುವ ದಿನದ ಲೆಕ್ಕವನ್ನು ನೀನು ಈಗಲೇ ಬರೆದು ತಂದಿರುವೆ. ನಿನಗಾಗಿ ನಾನು ಉದ್ಯೋಗವನ್ನು ಬಿಡಬೇಕು, ಊರನ್ನು ಬಿಡಬೇಕು, ತಂದೆತಾಯಿಯರನ್ನು ಬಿಡಬೇಕು. ಇವುಗಳಿಗೆಲ್ಲ ನೀನು ಸಹಿ ಮಾಡಿ ಕೊಡುವ ಕಾಗದ ಯಾವುದು? ಒಂದು ವೇಳೆ ನೀನು ನನ್ನ ಮೇಲೆ ಕೈ ಎತ್ತಿದರೆ...” ಅಲ್ಲಿಗೆ ಮಾತು ನಿಂತಿತು. ದನಿ ತಗ್ಗಿಸಿ, “ಅವಳಿಗೆ ಹೆದರಿಕೆಯಾಗಿರಬಹುದು” ಎಂದ. ಹುಡುಗಿಯರಿಗೂ ಮದುವೆಯ ಬಗ್ಗೆ ಹೆದರಿಕೆ ಇರುತ್ತದೆ ಎಂಬ ಮಾತು ಅಷ್ಟೊಂದು ವಿಡಿಯೊಗಳಲ್ಲಿ ಎಲ್ಲಿಯೂ ಬಂದಿರಲಿಲ್ಲ.

ನಾನು ಕೊಟ್ಟ ಸಲಹೆಗಳನ್ನು ಈಗ ಬರೆಯುತ್ತೇನೆ.

ಮಗನಿಗೆ: ನೋಡಿದ ವಿಡಿಯೊಗಳ ಇತಿಹಾಸವನ್ನು ಪೂರ್ತಿ ಅಳಿಸಿ. ಅಂಥದ್ದು ಮತ್ತೆ ಬಂದರೆ ಬೈಯಲೂ ನಿಲ್ಲಬೇಡಿ, ‘ಆಸಕ್ತಿ ಇಲ್ಲ’ ಎಂಬುದನ್ನು ಒತ್ತಿ ಮುಂದೆ ಹೋಗಿ, ಏಕೆಂದರೆ ಬೈದದ್ದೂ ಅದಕ್ಕೆ ಆಸಕ್ತಿಯಾಗಿಯೇ ಕಾಣುತ್ತದೆ. ಮೊಬೈಲನ್ನು ಮಲಗುವ ಕೋಣೆಯ ಹೊರಗೆ ಇಡಿ. ಸುಲಿಯುವ ಕೆಲಸಕ್ಕೆ ಪ್ರಸಂಗಗಳ ಧ್ವನಿಮುದ್ರಣ ಹಾಕಿಕೊಳ್ಳಿ, ವಾರಕ್ಕೊಮ್ಮೆಯಾದರೂ ಕೂಟಕ್ಕೆ ಹೋಗಿ. ಜನ ಕೆಣಕಿದರೆ ಕೆಣಕಲಿ. ಹಳೆಯ ಸ್ಟೇಟಸ್ಸುಗಳು ತಾವಾಗಿ ಅಳಿದಿವೆ, ಆದರೆ ನೋಡಿದವರ ಮನಸ್ಸಿನಲ್ಲಿವೆ. ಆದ್ದರಿಂದ ತಂಗಿಗೆ ನೀವೇ ಕರೆ ಮಾಡಿ. ಏನಾದರೂ ತೊಂದರೆ ಇದೆಯೇ ಎಂದು ವಿಚಾರಣೆ ಮಾಡಬೇಡಿ. ‘ನಾನು ಹಾಕಿದ್ದು ನಿನ್ನನ್ನು ಉದ್ದೇಶಿಸಿ ಅಲ್ಲ. ನೀನು ಏನು ಹೇಳಿದರೂ ನಾನು ಮೊದಲು ನಂಬುತ್ತೇನೆ’ ಎಂದಷ್ಟೇ ಹೇಳಿ, ಸುಮ್ಮನಿರಿ. ಇಷ್ಟನ್ನು ನಾನು ಅಣ್ಣಂದಿರಿಗೆಲ್ಲ ಹೇಳುತ್ತೇನೆ, ಆಕೆಯ ಕತೆ ಇದರಲ್ಲಿ ಬಯಲಾಗಲಿಲ್ಲ.

ಇನ್ನು ಮದುವೆ. ನಿಮ್ಮ ಮನೆಗೆ ಬರುವ ಹುಡುಗಿಯ ಒಂದು ದಿನ ಬೆಳಗಿನಿಂದ ರಾತ್ರಿಯವರೆಗೆ ಹೇಗಿರುತ್ತದೆ, ಬರೆದು ತನ್ನಿ ಎಂದಿದ್ದೆ. ಬರೆದು ತಂದ. ಓದಿ ತಾನೇ ಎರಡು ನಿರ್ಧಾರ ಮಾಡಿದ: ಅಡುಗೆ ಕಲಿಯುವುದು, ಮತ್ತು ಹುಡುಗಿಗೆ ಕೆಲಸವಿದ್ದರೆ ಬಸ್ಸಿನ ರಸ್ತೆಯವರೆಗೆ ದಿನವೂ ಬಿಟ್ಟು ಬರುವುದಾಗಿ ಮಾತುಕತೆಯಲ್ಲೇ ಹೇಳುವುದು. ಮದುವೆಯಾಗದೆಯೂ ಉಳಿಯಬಹುದು, ಅದು ಸೋಲಲ್ಲ ಎಂಬುದನ್ನೂ ಮಾತನಾಡಿದ್ದೇವೆ. ಅದು ಅಷ್ಟು ಬೇಗ ಒಪ್ಪುವ ಮಾತಲ್ಲ.

ತಾಯಿಗೆ: ಕುಟುಂಬದ ಗುಂಪಿನಲ್ಲಿ ದೊಡ್ಡವರು ನೀವು. ಅಂಥ ಹಾಸ್ಯ ಬಂದಾಗ ಭಾಷಣ ಬೇಡ, ‘ನಮ್ಮ ಮನೆಯಲ್ಲೂ ಹೆಣ್ಣುಮಕ್ಕಳಿದ್ದಾರೆ, ಇದು ಬೇಡ’ ಎಂಬ ಒಂದು ಸಾಲು ಸಾಕು. ಅವರು ಬರೆದರು. ಯಾರೂ ಉತ್ತರಿಸಲಿಲ್ಲ, ಆದರೆ ಆ ಬಗೆಯ ಚಿತ್ರಗಳು ಕಡಿಮೆಯಾದವು. ‘ಗಂಡಸರ ಕೈ ಒಂದೆರಡು ಸಲ ಎತ್ತುವುದು ಇದ್ದದ್ದೇ’ ಎಂಬ ಮಾತನ್ನು ಮಗಳ ಎದುರು ಎಂದೂ ಆಡಬೇಡಿ ಎಂದೂ ಹೇಳಿದೆ. ಮೊದಲು ಹೇಳಿದ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೇ ಹೆಂಡತಿಗೆ ಹೊಡೆಯುವುದನ್ನು ಯಾವುದಾದರೂ ಒಂದು ಕಾರಣಕ್ಕೆ ಸಮರ್ಥಿಸಿದ ಹೆಂಗಸರು ನೂರಕ್ಕೆ 45. ಈ ತಾಯಿ ತಾವು ತಿಂದ ಪೆಟ್ಟಿನ ವಿಷಯವನ್ನು ಆ ದಿನ ಮೊದಲ ಬಾರಿಗೆ ಹೇಳಿದರು.

ಮಗಳಿಗೆ: ಗಡಿಯಾಚೆಯ ಮನೆಯಲ್ಲಿ ನಡೆದದ್ದಕ್ಕೆ ಗಡಿಯಾಚೆಯೇ ದೂರು ಕೊಡಬೇಕು ಎಂದು ಆಕೆ ನಂಬಿದ್ದಳು, ನಮ್ಮ ಕಡೆ ಬಹಳ ಮಂದಿ ಹಾಗೆಯೇ ತಿಳಿದಿದ್ದಾರೆ. ಹಾಗೇನಿಲ್ಲ. ಕ್ರೌರ್ಯದಿಂದಾಗಿ ಗಂಡನ ಮನೆ ಬಿಟ್ಟು ಬಂದವಳು ತಾನು ಆಶ್ರಯ ಪಡೆದ ಊರಿನಲ್ಲೇ ದೂರು ಕೊಡಬಹುದು ಎಂದು 2019ರಲ್ಲಿ ರೂಪಾಲಿ ದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದೆ. 2005ರ ಕೌಟುಂಬಿಕ ಹಿಂಸೆ ಕಾಯ್ದೆಯಡಿಯಲ್ಲೂ ತಾತ್ಕಾಲಿಕವಾಗಿ ವಾಸಿಸುವ ಊರಿನ ನ್ಯಾಯಾಲಯಕ್ಕೆ ಹೋಗಬಹುದು. ಸಂಬಳದ ಕಾರ್ಡು ಕಿತ್ತುಕೊಳ್ಳುವುದು, ಚಿನ್ನ ಅಡವಿಡುವುದು ಆ ಕಾಯ್ದೆಯಲ್ಲಿ ಆರ್ಥಿಕ ಹಿಂಸೆ ಎಂದೇ ಬರುತ್ತದೆ. ಗಂಡನನ್ನು ಜೈಲಿಗೆ ಕಳಿಸದೆಯೇ ರಕ್ಷಣೆಯ ಆದೇಶ, ವಾಸದ ಹಕ್ಕು, ಖರ್ಚು ಕೇಳಲು ಅದರಲ್ಲಿ ದಾರಿ ಇದೆ. ಮಹಿಳಾ ಸಹಾಯವಾಣಿ 181, ಕೇರಳ ಸರ್ಕಾರದ ಕುಟುಂಬಶ್ರೀ ಯೋಜನೆಯ ಸ್ನೇಹಿತಾ ಕೇಂದ್ರ, ಮಹಿಳಾ ಸಂರಕ್ಷಣಾಧಿಕಾರಿ, ಇವರನ್ನು ಕಾಣುವ ದಾರಿ ಹೇಳಿದೆ. ಮಲಯಾಳದಲ್ಲಿ ಬರೆಯಲು ಬಾರದು ಎಂದು ಹಿಂಜರಿದಳು. ಸಂವಿಧಾನದ 350ನೇ ವಿಧಿಯ ಪ್ರಕಾರ ಅಹವಾಲನ್ನು ಕನ್ನಡದಲ್ಲಿಯೇ ಕೊಡುವ ಹಕ್ಕು ನಿಮಗಿದೆ, ಕನ್ನಡದಲ್ಲೇ ಬರೆಯಿರಿ ಎಂದೆ. ಹೊಡೆತದ ಗುರುತುಗಳ ಫೋಟೊಗಳನ್ನು, ಆಸ್ಪತ್ರೆಯ ಚೀಟಿಗಳನ್ನು ಆ ಮನೆಯಲ್ಲಿ ಇಡಬೇಡಿ, ನಂಬಿಕೆಯವರ ಬಳಿ ಕೊಡಿ ಎಂದೂ ಹೇಳಿದೆ.

ಅಣ್ಣನ ಕರೆ ಹೋದ ಎರಡನೆಯ ವಾರ ಆಕೆ ಮರಳಿ ಕರೆ ಮಾಡಿ ಎಲ್ಲವನ್ನೂ ಹೇಳಿದಳು. ಈತ ಜೀಪು ಬಾಡಿಗೆಗೆ ಹಿಡಿದು ಹೋಗಿ ಕರೆದುಕೊಂಡು ಬಂದ. ಕೌಟುಂಬಿಕ ಹಿಂಸೆ ಕಾಯ್ದೆಯಡಿ ಅರ್ಜಿ ಹಾಕಿದ್ದಾರೆ. ಸಂರಕ್ಷಣಾಧಿಕಾರಿಯ ಕಚೇರಿಗೆ ಈತನೂ ಜೊತೆಗೆ ಹೋಗಿದ್ದ. ಆಕೆಗೆ ಮರಳಿ ಹೋಗಬೇಕೇ ಬೇಡವೇ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಅವಸರ ಮಾಡಬೇಡಿ ಎಂದು ಮನೆಯವರಿಗೆ ಹೇಳಿದ್ದೇನೆ.

ಈತ ಪೂರ್ತಿ ಬದಲಾದ ಎಂದು ಬರೆದರೆ ಸುಳ್ಳಾಗುತ್ತದೆ. ಜೀವನಾಂಶದ ಕಾನೂನಿನ ಬಗ್ಗೆ ಈಗಲೂ ಸಿಟ್ಟಿದೆ. ಕೆಲವು ವಿಷಯಗಳಲ್ಲಿ ಆತನಿಗೆ ಭಿನ್ನಾಭಿಪ್ರಾಯವಿರುವುದು ನನಗೂ ತಕರಾರಿನ ಸಂಗತಿಯಲ್ಲ. ಕಳೆದ ಸಲ ಬಂದಾಗ ಹೊಸ ಪ್ರಶ್ನೆ ತಂದಿದ್ದ: “ತಂಗಿ ಇಲ್ಲೇ ಉಳಿದರೆ ತೋಟದಲ್ಲಿ ಪಾಲು ಕೇಳುವಳೇ?” ತಂದೆ ಉಯಿಲು ಬರೆದಿಲ್ಲ. ಅವರು ಸ್ವಂತ ದುಡಿಮೆಯಿಂದ ಕೊಂಡ ಜಾಗದಲ್ಲಿ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ತಾಯಿ, ಮಗ, ಮಗಳಿಗೆ ಸಮಪಾಲು, ಅವಳು ಕೇಳಲಿ ಬಿಡಲಿ ಎಂದೆ. ಈತನ ಅಜ್ಜಿಯ ಕಾಲದಲ್ಲಿ ಇದೇ ಮನೆತನದಲ್ಲಿ ಅಳಿಯಸಂತಾನ ಕಟ್ಟು ನಡೆಯುತ್ತಿತ್ತು. ಆಸ್ತಿ ಹೆಣ್ಣಿನ ಕವಲಿನಲ್ಲೇ ಇಳಿದು ಬರುತ್ತಿತ್ತು. ಇದನ್ನು ನೆನಪಿಸಿದವರು ತಾಯಿ. ಈತ ಸ್ವಲ್ಪ ಹೊತ್ತು ಸುಮ್ಮನಿದ್ದು, ತಂಗಿಯೊಂದಿಗೆ ಕುಳಿತು ಮಾತನಾಡುತ್ತೇನೆ, ಆ ಮಾತುಕತೆಗೆ ನೀವೂ ಇರಬೇಕು ಎಂದ. ದಿನ ಗೊತ್ತುಮಾಡಿದ್ದೇವೆ. ಪಾಲಿನ ಕಾಗದಪತ್ರಗಳಿಗೆ ಇಬ್ಬರೂ ಬೇರೆ ಬೇರೆ ವಕೀಲರನ್ನು ಕಂಡು ಬರಬೇಕೆಂದು ತಿಳಿಸಿದ್ದೇನೆ.